ಕಸಿ ಮಾಡಿದ ಲಿವರ್‌ಗೆ ಡಾಪ್ಲರ್ ಹಿಡಿದು ನಾನು ಕಲಿತದ್ದು

ಕಸಿಯಾದ ಲಿವರ್‌ನ ಡಾಪ್ಲರ್ ಸ್ಕ್ಯಾನ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಒಬ್ಬನೇ ಮಾಡಿದ ಮೊದಲ ರಾತ್ರಿ ಇನ್ನೂ ಚೆನ್ನಾಗಿ ನೆನಪಿದೆ. ಆಪರೇಷನ್ ಆಗಿ ಎರಡನೇ ದಿನ. ಐಸಿಯುನಲ್ಲಿ ರೋಗಿ ಉಸಿರು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ, ಹೊಟ್ಟೆ ತುಂಬ ಡ್ರೆಸ್ಸಿಂಗ್ ಬೇರೆ. ಕರುಳಿನ ಕಡೆಯಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ವೇನ್ ಚೆನ್ನಾಗಿ ಕಾಣುತ್ತಿತ್ತು. ಲಿವರ್‌ನ ಅಪಧಮನಿಯಾದ ಹೆಪಾಟಿಕ್ ಆರ್ಟರಿ ಮಾತ್ರ ಇಲ್ಲವೇ ಇಲ್ಲ!

ಲಿವರ್‌ಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಪೋರ್ಟಲ್ ವೇನ್‌ನದೇ. ಆದರೂ ನಮಗೆ ಜಾಸ್ತಿ ಭಯ ಆ ಸಣ್ಣ ಆರ್ಟರಿಯದು. ಪಿತ್ತನಾಳಗಳು ಅದನ್ನೇ ನಂಬಿಕೊಂಡಿರುತ್ತವೆ. ಬೇರೆ ಕಡೆಯಿಂದ ರಕ್ತ ತರುತ್ತಿದ್ದ ಸಣ್ಣಪುಟ್ಟ ನಾಳಗಳು ಆಪರೇಷನ್‌ನಲ್ಲಿ ಕತ್ತರಿಸಿ ಹೋಗಿರುತ್ತವೆ. ಆರ್ಟರಿ ಕಟ್ಟಿಕೊಂಡರೆ ಪಿತ್ತನಾಳ ಕೊಳೆಯುತ್ತದೆ, ಹೊಸ ಲಿವರ್ರೇ ಕೈತಪ್ಪಬಹುದು.

ಸರ್ಜನ್‌ಗೆ ಫೋನ್ ಮಾಡಲು ಹೊರಟಿದ್ದೆ. ಅಷ್ಟರಲ್ಲಿ ಸೀನಿಯರ್ ಬಂದು ಕೇಳಿದ್ದು ಒಂದೇ ಮಾತು: "ಸ್ಕೇಲ್ ಎಷ್ಟಿಟ್ಟಿದ್ದೀರಿ?" ಸ್ಕೇಲ್ ಅಂದರೆ ಯಂತ್ರ ತೋರಿಸುವ ವೇಗದ ಮಿತಿ, ಅದು ಜಾಸ್ತಿಯಿದ್ದರೆ ನಿಧಾನದ ಹರಿವು ಕಾಣುವುದಿಲ್ಲ. ಹಿಂದಿನ ರೋಗಿಯ ಕುತ್ತಿಗೆಯ ರಕ್ತನಾಳ ನೋಡಿದ ಸೆಟ್ಟಿಂಗ್ ಹಾಗೇ ಉಳಿದಿತ್ತು. ಸ್ಕೇಲ್ ಇಳಿಸಿದೆ, ನಿಧಾನದ ಹರಿವನ್ನು ಅಳಿಸಿಬಿಡುವ ವಾಲ್ ಫಿಲ್ಟರ್ ಇಳಿಸಿದೆ, ಸಿಗ್ನಲ್ ಹಿಗ್ಗಿಸುವ ಗೇನ್ ಏರಿಸಿದೆ. ಪ್ರೋಬನ್ನು ಬಲ ಪಕ್ಕೆಲುಬುಗಳ ಸಂದಿಗೆ ತಂದೆ. ಪೋರ್ಟಲ್ ವೇನ್ ಪಕ್ಕದಲ್ಲೇ ಆರ್ಟರಿ ಮಿನುಗಿತು.

ಹರಿವಿಗೆ ಎಷ್ಟು ತಡೆ ಇದೆ ಎಂದು ಹೇಳುವ ರೆಸಿಸ್ಟಿವ್ ಇಂಡೆಕ್ಸ್ 0.86 ಬಂತು. ಮತ್ತೆ ಗಾಬರಿ, ಯಾಕೆಂದರೆ ಸಾಮಾನ್ಯವಾಗಿ ಅದು 0.5ರಿಂದ 0.8ರ ಒಳಗಿರಬೇಕು. "ಎರಡನೇ ದಿನ ಅಲ್ವಾ, ಲಿವರ್ ಊದಿಕೊಂಡಿರುತ್ತೆ. ನಾಳೆ ನೋಡಿ" ಅಂದರು ಸೀನಿಯರ್. ನಾಲ್ಕನೇ ದಿನಕ್ಕೆ ಅದು 0.72ಕ್ಕೆ ಇಳಿದಿತ್ತು.

ಈ ಇಂಡೆಕ್ಸ್ ನನಗೆ ಇಷ್ಟವಾಗಲು ಒಂದು ಕಾರಣವಿದೆ. ಹೃದಯ ಒತ್ತಿದಾಗಿನ ಗರಿಷ್ಠ ವೇಗದಿಂದ ಹೃದಯ ಸಡಿಲವಾಗುವ ಹೊತ್ತಿನ ಕೊನೆಯ ವೇಗ ಕಳೆದು, ಅದೇ ಗರಿಷ್ಠ ವೇಗದಿಂದ ಭಾಗಿಸಿದರೆ ಆಯಿತು. ಅನುಪಾತವಾದ್ದರಿಂದ ಪ್ರೋಬ್‌ನ ಕಿರಣಕ್ಕೂ ರಕ್ತದ ಹರಿವಿಗೂ ನಡುವಿನ ಕೋನ ಸ್ವಲ್ಪ ತಪ್ಪಿದರೂ ಲೆಕ್ಕ ಕೆಡುವುದಿಲ್ಲ. ಪೋರ್ಟಲ್ ವೇನ್‌ನ ವೇಗ ಅಳೆಯುವಾಗ ಆ ರಿಯಾಯಿತಿ ಇಲ್ಲ, ಕೋನ 60 ಡಿಗ್ರಿ ದಾಟಬಾರದು. ಹೊಲಿಗೆ ಹಾಕಿದ ಜಾಗದಲ್ಲಿ ವೇಗ ಅದಕ್ಕೆ ಮುಂಚಿನ ಭಾಗದ ವೇಗದ ಮೂರು ಪಟ್ಟಾದರೆ ಅಲ್ಲಿ ನಾಳ ಕಿರಿದಾಗಿದೆಯೇ ಎಂದು ಯೋಚಿಸುತ್ತೇನೆ. ಲಿವರ್‌ನಿಂದ ರಕ್ತ ಹೊರಗೊಯ್ಯುವ ಹೆಪಾಟಿಕ್ ವೇನ್‌ನ ಅಲೆ ಪರದೆಯಲ್ಲಿ ಚಪ್ಪಟೆಯಾಗಿದ್ದರೆ ಬರೆದಿಡುತ್ತೇನೆ, ಅದೊಂದನ್ನೇ ನೋಡಿ ತೀರ್ಮಾನಕ್ಕೆ ಬರುವುದಿಲ್ಲ.

ನಿಜಕ್ಕೂ ತೊಂದರೆ ಕೊಟ್ಟದ್ದು ಇನ್ನೊಬ್ಬ ರೋಗಿ. ಆಪರೇಷನ್ ಆಗಿ ಮೂರು ವಾರ, ಆರಾಮಾಗಿ ಮಾತಾಡುತ್ತಿದ್ದರು. ಆರ್ಟರಿಯಲ್ಲಿ ಬಣ್ಣ ಚೆನ್ನಾಗಿಯೇ ತುಂಬುತ್ತಿತ್ತು. ಹರಿವು ಇದೆ ಎಂದು ಬರೆದು ಸುಮ್ನೆ ಎದ್ದುಬಿಡಬಹುದಿತ್ತು. ಆದರೆ ಲಿವರ್ ಒಳಗಿನ ಕವಲುಗಳಲ್ಲಿ ಅಲೆ ಸೋಮಾರಿಯ ಹಾಗೆ ಮೆಲ್ಲಗೆ ಏರಿ, ಗುಂಡಗಾಗಿ ಇಳಿಯುತ್ತಿತ್ತು. ಏರಲು ತೆಗೆದುಕೊಂಡ ಸಮಯ 0.11 ಸೆಕೆಂಡ್, 0.08 ದಾಟಿದರೆ ಅನುಮಾನ ಪಡಬೇಕು. ಇಂಡೆಕ್ಸ್ 0.43. ಬಲಕ್ಕೂ ಎಡಕ್ಕೂ ಒಂದೇ ಕಥೆ, ಹಾಗಾಗಿ ತಡೆ ಕವಲೊಡೆಯುವ ಮೊದಲೇ ಇರಬೇಕು ಅನ್ನಿಸಿತು. ಸಿಟಿ ಆಂಜಿಯೋದಲ್ಲಿ (ರಕ್ತನಾಳ ತೋರಿಸುವ ಸಿಟಿ ಸ್ಕ್ಯಾನ್) ಹೊಲಿಗೆಯ ಜಾಗವೇ ಕಿರಿದಾಗಿತ್ತು. ಸ್ಟೆಂಟ್ ಹಾಕಿದ ಮರುದಿನ ಅಲೆ ಮತ್ತೆ ಚೂಪಾಗಿ ಎದ್ದಿತ್ತು.

ಈಗ ಆರ್ಟರಿ ಸಿಗದಿದ್ದರೆ ನನಗೆ ನಾನೇ ಹಾಕಿಕೊಂಡ ಗಡುವು ಹತ್ತು ನಿಮಿಷ. ಅಷ್ಟರಲ್ಲಿ ಸೆಟ್ಟಿಂಗ್ ಎಲ್ಲ ನೋಡಿ, ರೋಗಿಯ ಬಿಪಿ ತೀರಾ ಕೆಳಗಿದೆಯಾ ಎಂದು ನರ್ಸ್‌ರನ್ನು ಕೇಳುತ್ತೇನೆ. ಆಮೇಲೂ ಸಿಗದಿದ್ದರೆ ಸರ್ಜನ್‌ಗೆ ಫೋನ್. ಸಿಟಿಗೆ ಕಳಿಸುವ ಮಾತು ಅಲ್ಲೇ ಆಗುತ್ತದೆ.