ನನ್ನ ಹಳೇ ಕಥೆ ಪುಸ್ತಕನ ನಾನೇ ಇ-ಬುಕ್ ಮಾಡಿದ್ದು

ನನ್ನ ಮೊದಲ ಕಥಾಸಂಕಲನ ಬಂದಿದ್ದು 2013ರಲ್ಲಿ. ಸಾವಿರ ಪ್ರತಿ ಅಂದ್ರು ಪ್ರಕಾಶಕರು, ನಿಜವಾಗ್ಲೂ ಎಷ್ಟು ಹಾಕ್ಸಿದ್ರೋ ನಾನು ಕೇಳ್ಲಿಲ್ಲ, ಕೇಳಿದ್ರೆ ಚೆನ್ನಾಗಿರಲ್ಲ ಅನ್ನೋ ಸಂಕೋಚ. ರಾಯಲ್ಟಿ ಶೇಕಡ 10 ಅಂತ ಬಾಯಿಮಾತಲ್ಲಿ ಆಗಿತ್ತು, ಕೈಗೆ ಬಂದಿದ್ದು ಮಾತ್ರ ಐವತ್ತು ಪುಸ್ತಕದ ಒಂದು ಬಂಡಲ್, ಅದ್ರಲ್ಲಿ ಅರ್ಧ ನೆಂಟರ ಗೃಹಪ್ರವೇಶಕ್ಕೆ ಉಡುಗೊರೆ ಕೊಟ್ಟೇ ಖಾಲಿಯಾಯ್ತು. ಆಮೇಲೆ ಯಾರಾದ್ರೂ ಪುಸ್ತಕ ಎಲ್ಲಿ ಸಿಗುತ್ತೆ ಸಾರ್ ಅಂದ್ರೆ ಏನು ಹೇಳೋದು? ಮರುಮುದ್ರಣ ಮಾಡಿ ಅಂದ್ರೆ "ಹಳೇ ಪುಸ್ತಕಕ್ಕೆ ಲೈಬ್ರರಿ ಆರ್ಡರ್ ಬರಲ್ಲ ಮೇಷ್ಟ್ರೇ" ಅನ್ನೋರು. ಅವ್ರದ್ದೂ ಸುಳ್ಳಲ್ಲ, ಗ್ರಂಥಾಲಯ ಇಲಾಖೆ ಸಗಟು ಖರೀದೀಲಿ 300 ಪ್ರತಿ ತಗೊಂಡ್ರೇನೇ ನಮ್ಮಲ್ಲಿ ಎಷ್ಟೋ ಪುಸ್ತಕಗಳ ಅಚ್ಚಿನ ಖರ್ಚು ಹುಟ್ಟೋದು.

2020ರ ಲಾಕ್‌ಡೌನಲ್ಲಿ ಮನೇಲಿ ಕೂತು ಕೂತು ಬೇಜಾರಾಗಿ ಇ-ಬುಕ್ ಮಾಡೇ ಬಿಡೋಣ ಅಂತ ಪ್ರಕಾಶಕರಿಗೆ ಫೋನ್ ಮಾಡ್ದೆ. "ಅದೂ ನಮ್ಮ ಹಕ್ಕೇ ಆಗುತ್ತಲ್ಲ" ಅಂದ್ರು. ಇರಬಹುದು ಅಂತ ಸುಮ್ಮನಾಗಿದ್ದೆ, ಆದ್ರೆ ಲಾಯರ್ ಗೆಳೆಯ ಒಬ್ಬ "ಅಗ್ರಿಮೆಂಟ್ ತೋರ್ಸು" ಅಂದ. ಎಲ್ಲಿಂದ ತೋರಿಸ್ಲಿ? ಅವನು ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಓದಿ ಹೇಳ್ದ: ಬರಹದಲ್ಲಿ ಸಹಿ ಹಾಕಿ ಕೊಡದೆ ಹಕ್ಕು ವರ್ಗಾವಣೆ ಆಗಲ್ಲ, ಬರೆದುಕೊಟ್ಟಿದ್ರೂ ಎಷ್ಟು ವರ್ಷ ಅಂತ ಹಾಕಿಲ್ದಿದ್ರೆ 5 ವರ್ಷಕ್ಕೆ ಮುಗೀತು. ಏಳು ವರ್ಷ ನನ್ನ ಪುಸ್ತಕಕ್ಕೆ ನಾನೇ ಇನ್ನೊಬ್ರ ಪರ್ಮಿಷನ್ ಕಾಯ್ತಾ ಕೂತಿದ್ದೆ ನೋಡಿ.

ಹಕ್ಕಿನ ಕಥೆ ಮುಗೀತು, ಫೈಲಿನ ಕಥೆ ಶುರುವಾಯ್ತು. ಡಿಟಿಪಿಯವ್ರು ಕೊಟ್ಟಿದ್ದು ಪೇಜ್‌ಮೇಕರ್ ಅನ್ನೋ ಹಳೇ ಪುಟವಿನ್ಯಾಸದ ಸಾಫ್ಟ್‌ವೇರಿನ ಫೈಲು, ಒಳಗೆ ಹಳೇ ನುಡಿ ಫಾಂಟು, ಈಗ ಎಲ್ಲಾ ಮೊಬೈಲು, ಕಂಪ್ಯೂಟರ್ ಓದೋ ಯೂನಿಕೋಡ್ ಅಲ್ಲ. ಕನ್ವರ್ಟರಿಗೆ ಹಾಕಿದ್ರೆ ಅರ್ಕಾವತ್ತೆಲ್ಲ ಜಾಗ ಬಿಟ್ಟು ಓಡೋಗಿತ್ತು, ಸೂರ್ಯ ಹೋಗಿ ಸೂಯರ್ ಆಗಿದ್ದ, ಸಾಲಿನ ಕೊನೇಲಿ ಪದ ಮುರಿಯೋಕೆ ಹಾಕಿದ್ದ ಅಡ್ಡಗೆರೆಗಳು ಸಾಲಿನ ಮಧ್ಯಕ್ಕೆ ಬಂದು ಕೂತಿದ್ವು. 140 ಪುಟ ಒಂದೊಂದೇ ಸಾಲು ತಿದ್ದಿದೀನಿ, ಒಂದೂವರೆ ತಿಂಗಳು ಹಿಡೀತು, ಇಷ್ಟೊತ್ತಿಗೆ ಹೊಸ ಕಥೆ ಎರಡು ಬರೀಬಹುದಿತ್ತು ಅಂತ ಹೆಂಡತಿ ಅಂದಿದ್ದು ಸರೀನೇ. ಆಮೇಲೆ ಸಿಗಿಲ್ ಅನ್ನೋ ಸಾಫ್ಟ್‌ವೇರಲ್ಲಿ ಇಪಬ್ (ಇ-ಬುಕ್ಕಿನ ಫೈಲು) ಮಾಡಿ, ನನ್ನ ಮೊಬೈಲು ಮತ್ತೆ ಮಗಳ ಟ್ಯಾಬು ಎರಡ್ರಲ್ಲೂ ತೆಗೆದು ನೋಡಿದ್ದು.

ಅಮೆಜಾನ್ ಕಿಂಡಲ್‌ಗೇ ಹಾಕೋಣ ಅಂತ ಆಸೆ ಇತ್ತು. ನಾನು ನೋಡ್ದಾಗ ಅವ್ರ ಭಾಷೆಗಳ ಪಟ್ಟೀಲಿ ಹಿಂದಿ, ತಮಿಳು, ಮಲಯಾಳಂ, ಮರಾಠಿ, ಗುಜರಾತಿ ಇತ್ತು, ಕನ್ನಡ ಇರ್ಲಿಲ್ಲ. ಹೊಟ್ಟೆ ಉರೀತು. ಕೊನೆಗೆ ಗೂಗಲ್ ಪ್ಲೇ ಬುಕ್ಸ್‌ಗೆ ಹಾಕ್ದೆ, ಅಲ್ಲಿ ಐಎಸ್‌ಬಿಎನ್, ಅಂದ್ರೆ ಪುಸ್ತಕದ ಗುರುತಿನ ನಂಬರ್, ಇಲ್ದಿದ್ರೂ ಅವ್ರೇ ಒಂದು ನಂಬರ್ ಕೊಡ್ತಾರೆ. (ಐಎಸ್‌ಬಿಎನ್ ನಮ್ಮ ದೇಶದಲ್ಲಿ ಪುಕ್ಕಟೆ, ರಾಜಾ ರಾಮಮೋಹನ್ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಕೊಡುತ್ತೆ, ಅದಕ್ಕೂ ದುಡ್ಡು ಕೇಳೋರು ಸಿಕ್ತಾರೆ, ಹುಷಾರು.) ಬೆಲೆ 75 ರೂಪಾಯಿ ಇಟ್ಟೆ. ತೆರಿಗೆ ವಿಷ್ಯ ಇನ್ನೂ ತಮಾಷೆ, ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇ-ಬುಕ್ಕಿಗೆ 18 ಪರ್ಸೆಂಟ್ ಇದ್ದಿದ್ದನ್ನ 2018ರಲ್ಲಿ 5ಕ್ಕೆ ಇಳಿಸಿದ್ರು, ಆದ್ರೆ ಅದೇ ಪುಸ್ತಕ ಅಚ್ಚಿನಲ್ಲೂ ಇದ್ರೆ ಮಾತ್ರ. ನೇರವಾಗಿ ಇ-ಬುಕ್ಕಾಗೇ ತರೋನಿಗೆ ಆ ರಿಯಾಯ್ತಿ ಇರ್ಲಿಲ್ಲ.

ಮೊದಲ ಮೂರು ತಿಂಗಳಲ್ಲಿ 61 ಪ್ರತಿ ಹೋಯ್ತು. ನಗ್ಬೇಡಿ, ಆ 61ರ ದುಡ್ಡು ನೇರ ನನ್ನ ಅಕೌಂಟಿಗೇ ಬಂತು, ಮತ್ತೆ ದುಬೈನಿಂದ ಒಬ್ರು, ಪುಣೆಯಿಂದ ಇಬ್ರು ಕಾಗದ ಬರೆದಂಗೆ ಉದ್ದುದ್ದ ಮೆಸೇಜ್ ಹಾಕಿದ್ರು, ಅಚ್ಚಿನ ಪುಸ್ತಕ ಯಾವತ್ತೂ ಅವ್ರ ಊರು ಮುಟ್ತಿರ್ಲಿಲ್ಲ. ಆದ್ರೆ ಅದೇ ಮೆಸೇಜಲ್ಲಿ "ಮೂರನೇ ಕಥೇಲಿ ಸರೋಜ ಇದ್ದೋಳು ಕೊನೇಲಿ ಸುಜಾತ ಹೆಂಗಾದ್ಲು ಸಾರ್" ಅಂತಾನೂ ಇತ್ತು. ನಾಚಿಕೆ ಆಯ್ತು. ಅದು ನಾನು ಇ-ಬುಕ್ಕಿಗೆ ಅಂತ ಹೊಸದಾಗಿ ಸೇರಿಸಿದ್ದ ಕಥೆ, ಹಳೆಯವನ್ನ ಪ್ರಕಾಶಕರ ಪ್ರೂಫ್‌ರೀಡರ್ ನೋಡಿದ್ರು, ಇದನ್ನ ನಾನು ಬಿಟ್ರೆ ಯಾರೂ ನೋಡಿರ್ಲಿಲ್ಲ.

ಹಂಗಾಗಿ ಎರಡನೇ ಸಂಕಲನ ಮತ್ತೆ ಆ ಪ್ರಕಾಶಕರ ಹತ್ರಾನೇ ತಗೊಂಡೋದೆ. ಸ್ವಲ್ಪ ಮುನಿಸಿತ್ತು, ಕಾಫಿ ಕುಡಿಯೋಷ್ಟರಲ್ಲಿ ಇಳೀತು. ಇ-ಬುಕ್ ಬಂದ್ರೆ ಮಾರನೇ ದಿನ ಟೆಲಿಗ್ರಾಮ್‌ನಲ್ಲಿ ಪಿಡಿಎಫ್ ಓಡಾಡುತ್ತೆ ಅನ್ನೋದು ಅವ್ರ ಭಯ, ಅಚ್ಚಿನ ಪುಸ್ತಕ ಸ್ಕ್ಯಾನ್ ಮಾಡಿ ಹಾಕೋರೂ ಇದ್ದಾರಲ್ಲ ಸಾರ್ ಅಂದೆ ನಾನು. ಈ ಸಲ ಅಗ್ರಿಮೆಂಟ್ ಬರೆದ್ವಿ: ಅಚ್ಚು ಅವ್ರದ್ದು 3 ವರ್ಷಕ್ಕೆ, ಇ-ಬುಕ್ ನಂದು, ಆದ್ರೆ ಅಚ್ಚಾದ 6 ತಿಂಗಳ ಮೇಲೆ.

ಹೋದ ತಿಂಗಳು ಅವ್ರೇ ಫೋನ್ ಮಾಡಿ ಒಂದು ಡಬ್ಬ ತುಂಬ ಹಳೇ ಸಿಡಿ ಕೊಟ್ರು, ಎಲ್ಲಾ ಪೇಜ್‌ಮೇಕರ್ ಫೈಲೇ, ಇವನ್ನೂ ಇ-ಬುಕ್ ಮಾಡೋಕಾಗುತ್ತಾ ನೋಡಿ ಮೇಷ್ಟ್ರೇ ಅಂತ. ಅರ್ಧ ಓಪನ್ನೇ ಆಗ್ತಿಲ್ಲ. ಆ ಲೇಖಕರದ್ದೆಲ್ಲ ಅಗ್ರಿಮೆಂಟ್ ಇದ್ಯಾ ಸಾರ್ ಅಂತ ಕೇಳ್ದೆ. ನಕ್ಕು, ಇನ್ನೊಂದು ಕಾಫಿ ಹೇಳಿದ್ರು.