ಮಗ್ಗ, ಚೌಡಿಕೆ, ಉಕ್ಕಿನ ಪಟ್ಟಿ: ಬೆಳಗಾವಿಯಲ್ಲಿ ನಾವು ಸದ್ದು ಕಟ್ಟುವ ಬಗೆ

ನಮ್ಮ ಬ್ಯಾಂಡಿನಲ್ಲಿ ಗಿಟಾರ್ ಇಲ್ಲ, ಡ್ರಮ್ ಸೆಟ್ ಇಲ್ಲ. ಜೋಗತಿಯರು ನುಡಿಸುವ, ಚರ್ಮ ಬಿಗಿದ ತಂತಿವಾದ್ಯವಾದ ಒಂದು ಚೌಡಿಕೆ, ಉದ್ಯಮಬಾಗ್ ಕಡೆಯ ಗುಜರಿಯಿಂದ ತೂಕದ ಲೆಕ್ಕದಲ್ಲಿ ತಂದ ಉಕ್ಕಿನ ಪಟ್ಟಿಗಳು, ಇಳಕಲ್ಲಿಗೆ ಹೋಗಿ ಹಿಡಿದು ತಂದ, ಕುಣಿಯೊಳಗೆ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗದ ದನಿ. ಮಗ್ಗದ ಎದುರು ಸಾದಾ ಮೈಕ್ ಇಟ್ಟರೆ ಓಣಿಯ ಬೈಕು, ಪಕ್ಕದ ಮನೆಯ ಕುಕ್ಕರಿನ ಸೀಟಿ ಎಲ್ಲವೂ ಬರುತ್ತವೆ. ಮರದೊಳಗಿನ ನಡುಕವನ್ನೇ ಹಿಡಿಯಲು, ನಡುಕವನ್ನು ವಿದ್ಯುತ್ತಾಗಿಸುವ ಪೀಜೋ ಡಿಸ್ಕ್ ಬೇಕು: 27 ಮಿಲಿಮೀಟರಿನ ಹಿತ್ತಾಳೆ ಬಿಲ್ಲೆ, ಮೇಲೆ ಬಿಳಿ ಪದರ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಬಜರಿನ ಪೀಜೋ ಎಂದು ಕೇಳಿದರೆ ಸಾಕು.

ಇದರ ವೈರನ್ನು ನೇರವಾಗಿ ಮಿಕ್ಸರಿಗೆ ಚುಚ್ಚಿದರೆ ದನಿ ತಗಡು ಬಡಿದಂತೆ ಬರುತ್ತದೆ. ಡಿಸ್ಕ್ ಕಳಪೆ ಎಂದು ಬಿಸಾಡಬೇಡಿ, ತಪ್ಪು ಅದರದ್ದಲ್ಲ. ಈ ಡಿಸ್ಕ್ ಸುಮಾರು 20 ನ್ಯಾನೋಫ್ಯಾರಡ್ ಕೆಪಾಸಿಟರ್ ಇದ್ದಂತೆ. ಮಿಕ್ಸರಿನ ಮೈಕ್ ಇನ್‌ಪುಟ್ ವಿದ್ಯುತ್ತಿಗೆ ಒಡ್ಡುವ ತಡೆ ಸುಮಾರು 2 ಕಿಲೋ ಓಮ್. ಇವೆರಡೂ ಕೂಡಿದರೆ 4000 ಹರ್ಟ್ಜ್‌ನಿಂದ ಕೆಳಗೆ ದನಿ ಸೋರುತ್ತ ಹೋಗುತ್ತದೆ. 10 ಕಿಲೋ ಓಮಿನ ಲೈನ್ ಇನ್‌ಪುಟ್ಟಿಗೆ ಕೊಟ್ಟರೂ 800ರ ಕೆಳಗೆ ಅದೇ ಪಾಡು. 1 ಮೆಗಾ ಓಮ್ ಸಿಕ್ಕರೆ ಮಾತ್ರ 8 ಹರ್ಟ್ಜ್‌ವರೆಗೂ ಇಳಿಯುತ್ತದೆ, ಮಗ್ಗದ ಗುಡುಗು ಪೂರ್ತಿ ಕೇಳುತ್ತದೆ. ನಮ್ಮ ಸದ್ದೆಲ್ಲ ನಿಂತಿರುವುದು ಈ ಒಂದು ಮೆಗಾ ಓಮಿನ ಮೇಲೆ.

ಅದಕ್ಕಾಗಿ ನಡುವೆ ಒಂದು ಬಫರ್ ಕಟ್ಟುತ್ತೇವೆ: ಡಿಸ್ಕಿಗೆ 1 ಮೆಗಾ ಓಮ್ ಒಡ್ಡಿ, ಅದೇ ದನಿಯನ್ನು ಮಿಕ್ಸರಿಗೆ ದಾಟಿಸುವ ಸಣ್ಣ ಸರ್ಕ್ಯೂಟ್. ಟಿಎಲ್072 ಐಸಿ, 9 ವೋಲ್ಟ್ ಬ್ಯಾಟರಿ. ಎರಡು 10 ಕಿಲೋ ಓಮ್ ರೆಸಿಸ್ಟರುಗಳನ್ನು ಪ್ಲಸ್ಸಿಗೂ ಗ್ರೌಂಡಿಗೂ ನಡುವೆ ಸಾಲಾಗಿ ಹಾಕಿದರೆ ಮಧ್ಯದಲ್ಲಿ 4.5 ವೋಲ್ಟ್ ಸಿಗುತ್ತದೆ. ಅಲ್ಲಿಂದ ಗ್ರೌಂಡಿಗೆ 47 ಮೈಕ್ರೋಫ್ಯಾರಡ್, ಪಿನ್ 3ಕ್ಕೆ 1 ಮೆಗಾ ಓಮ್. ಡಿಸ್ಕಿನಿಂದ 0.1 ಮೈಕ್ರೋಫ್ಯಾರಡ್, ಬಳಿಕ 10 ಕಿಲೋ ಓಮ್, ಆಮೇಲೆ ಪಿನ್ 3. ಪಿನ್ 1 ಮತ್ತು 2 ಕೂಡಿಸಿ, 10 ಮೈಕ್ರೋಫ್ಯಾರಡ್ ಮೂಲಕ ಹೊರಗೆ ತನ್ನಿ. ಪಿನ್ 8 ಪ್ಲಸ್, ಪಿನ್ 4 ಗ್ರೌಂಡ್. ಐಸಿಯ ಇನ್ನೊಂದು ಅರ್ಧವನ್ನು ಹಾಗೇ ಬಿಟ್ಟರೆ ಸುಮ್ಮನೆ ಗದ್ದಲ ಎಬ್ಬಿಸುತ್ತದೆ. ಪಿನ್ 6, 7 ಕೂಡಿಸಿ, ಪಿನ್ 5ನ್ನು 4.5 ವೋಲ್ಟಿಗೆ ಕಟ್ಟಿಬಿಡಿ. ನೂಲನ್ನು ಬಡಿದು ಕೂಡಿಸುವ ಫಣಿಯ ಹೊಡೆತ ಜೋರಾಗಿ ಬಿದ್ದರೆ ಡಿಸ್ಕ್ ಹತ್ತಾರು ವೋಲ್ಟ್ ಉಗುಳಬಲ್ಲದು. ಅದಕ್ಕೇ ಪಿನ್ 3ರಿಂದ ಪ್ಲಸ್ಸಿಗೊಂದು, ಗ್ರೌಂಡಿಗೊಂದು 1ಎನ್4148 ಡಯೋಡ್ ಉಲ್ಟಾ ಹಾಕಬೇಕು: ಪಟ್ಟೆ ಇರುವ ತುದಿ ಮೊದಲನೆಯದರಲ್ಲಿ ಪ್ಲಸ್ಸಿಗೆ, ಎರಡನೆಯದರಲ್ಲಿ ಪಿನ್ 3ಕ್ಕೆ. ಮಿಕ್ಸರ್ ಮೈಕಿಗೆ ಕಳಿಸುವ 48 ವೋಲ್ಟ್ (ಫ್ಯಾಂಟಮ್) ಆಫ್ ಇರಲಿ. ಬ್ಯಾಟರಿ 7 ವೋಲ್ಟಿಗೆ ಇಳಿದರೆ ದನಿ ಒಡೆಯಲು ಶುರು.

ಬೆಸುಗೆಯಲ್ಲಿ ಅವಸರವೂ ಬೇಡ, ಆಲಸ್ಯವೂ ಬೇಡ. 25 ವ್ಯಾಟ್ ಐರನ್ ಸಾಕು. ಹಿತ್ತಾಳೆಯ ಅಂಚು ಸ್ವಲ್ಪ ಹೊತ್ತು ತಡೆಯುತ್ತದೆ, ನಡುವಿನ ಬಿಳಿ ಪದರ ತಡೆಯುವುದಿಲ್ಲ. ಒಂದು ಸೆಕೆಂಡು ಮುಟ್ಟಿ ತೆಗೆಯಬೇಕು, ಇಲ್ಲದಿದ್ದರೆ ಬೆಳ್ಳಿಯ ಲೇಪ ವೈರಿನ ಜೊತೆಗೇ ಎದ್ದುಬರುತ್ತದೆ. ವೈರ್ ಶೀಲ್ಡ್ ಇರುವಂಥದ್ದೇ ಬೇಕು. ಶೀಲ್ಡ್ ಹಿತ್ತಾಳೆಗೆ, ಒಳತಂತಿ ಬಿಳಿಗೆ. ಡಿಸ್ಕಿನಿಂದ ಬಫರಿಗೆ ಅರ್ಧ ಮೀಟರಿಗಿಂತ ಉದ್ದ ಬೇಡ.

ನೇಕಾರರ ಮಗ್ಗಕ್ಕೆ ಅಂಟು ಹಚ್ಚಬಾರದು. ಜೇನುಮೇಣದ ತೆಳು ಪದರ ಒತ್ತಿದರೆ ಹಿಡಿಯುತ್ತದೆ, ಕಿತ್ತಾಗ ಗುರುತು ಉಳಿಯುವುದಿಲ್ಲ. ಸ್ಪಂಜಿನ ಡಬಲ್ ಟೇಪ್ ಹಚ್ಚಿದರೆ ಲಾಳಿ ಓಡುವ ಸರಸರ ಸತ್ತೇಹೋಗುತ್ತದೆ. ಒಂದು ಡಿಸ್ಕ್ ಫಣಿಯ ಚೌಕಟ್ಟಿಗೆ, ಇನ್ನೊಂದು ಕಾಲುತುಳಿಯ ಹತ್ತಿರದ ಕಂಬಕ್ಕೆ. ಚೌಡಿಕೆಯಲ್ಲಿ ಚರ್ಮದ ನಡುವೆ ಹಚ್ಚಿದರೆ ತಂತಿಯ ಎಳೆತವೇ ಕೆಡುತ್ತದೆ, ಮರದ ಅಂಚಿಗೆ ಹಚ್ಚಿ. ಬೆಳಗಾವಿಯ ಮಳೆಗಾಲದಲ್ಲಿ ಚರ್ಮ ಸಡಿಲಾಗಿ ಸ್ವರ ಇಳಿಯುತ್ತದೆ. ನುಡಿಸುವ ಮೊದಲು ಕೆಂಡದ ದೂರದ ಕಾವು ತಾಗಿಸಬೇಕು. ಬೇಸಿಗೆಯಲ್ಲಿ ಬಾಗಲಕೋಟೆ ಕಡೆ ಹೋದರೆ ಚರ್ಮ ಬಿಗಿದು ಸೀಳುವ ಭಯ, ತಂತಿ ಸಡಿಲಿಸಿಯೇ ಒಯ್ಯುತ್ತೇವೆ. ಮಗ್ಗ ನಮಗಾಗಿ ನಿಂತಷ್ಟು ಹೊತ್ತಿಗೆ ಕೂಲಿ ಕೊಡುವುದು ತಪ್ಪಬಾರದು.

ಉಕ್ಕಿನ ಪಟ್ಟಿಯ ವಿಷಯ. ಫೌಂಡ್ರಿಯ ಎರಕದ ಕಬ್ಬಿಣ ಕೊಂಡರೆ ಮೋಸಹೋಗುತ್ತೀರಿ. ಅದರೊಳಗಿನ ಗ್ರಾಫೈಟ್ ಹಾಳೆಗಳು ನಡುಕವನ್ನು ಹೀರಿಬಿಡುತ್ತವೆ, ಹೊಡೆದರೆ ದಪ್ ಎನ್ನುತ್ತದೆ. ಮೈಲ್ಡ್ ಸ್ಟೀಲ್ ಪಟ್ಟಿ ಬೇಕು. ಒಂದು ಮೀಟರ್ ಪಟ್ಟಿಯನ್ನು ಎರಡೂ ತುದಿಯಿಂದ 22.4 ಸೆಂಟಿಮೀಟರ್ ಒಳಗೆ ದಾರ ಕಟ್ಟಿ ತೂಗುಹಾಕಿದರೆ ಬಹಳ ಹೊತ್ತು ಮೊಳಗುತ್ತದೆ. ಆ ಜಾಗ ನಡುಗುವುದೇ ಇಲ್ಲ. ಅದೇ ದಪ್ಪದ ಪಟ್ಟಿಯನ್ನು 70.7 ಸೆಂಟಿಮೀಟರಿಗೆ ಕತ್ತರಿಸಿದರೆ ಒಂದು ಸಪ್ತಕ ಮೇಲೆ.

ಬೆಳಗಾವಿಯ ವಡಗಾವಿಯಂಥ ಪವರ್‌ಲೂಮ್ ಓಣಿಯಲ್ಲಿ ಅಭ್ಯಾಸಕ್ಕೆ ಕೂತರೆ ಮೋಟರ್ ಶುರುವಾದಾಗಲೆಲ್ಲ ಸ್ಪೀಕರಿನಲ್ಲಿ ಟಪ್ ಎನ್ನುತ್ತದೆ. 50 ಹರ್ಟ್ಜ್ ಗುಂಯ್‌ಗುಡುವುದು ಬೇರೆ. ಮಿಕ್ಸರ್, ಸ್ಪೀಕರ್ ಎಲ್ಲವನ್ನೂ ಅರ್ಥಿಂಗ್ ಇರುವ ಒಂದೇ ಬೋರ್ಡಿಗೆ ಹಾಕಿದರೆ ಅರ್ಧ ಕಾಟ ಕಡಿಮೆ. ಗುಂಯ್ ನಿಲ್ಲಲಿ ಎಂದು ಅರ್ಥ್ ಪಿನ್ ಮುರಿಯುವ ಚಾಳಿ ಸೌಂಡ್ ಹಾಕುವವರಲ್ಲೂ ಇದೆ. ಅದು ಜೀವಕ್ಕೆ ಕುತ್ತು. ಅದರ ಬದಲು ವಾದ್ಯಕ್ಕೂ ಮಿಕ್ಸರಿಗೂ ನಡುವೆ ಹಾಕುವ ಡಿಐ ಬಾಕ್ಸ್ ಕೊಳ್ಳಿ, ಸಿಗ್ನಲ್ ವೈರಿನ ಗ್ರೌಂಡನ್ನಷ್ಟೇ ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಅದರಲ್ಲಿರಲಿ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಕಾರ್ಯಕ್ರಮ ಮಾಡಬೇಡಿ.

ಕಾರ್ಯಕ್ರಮಕ್ಕೆ ಪೊಲೀಸ್ ಠಾಣೆಯ ಅನುಮತಿ ಮೊದಲೇ ಬೇಕು, ರಾತ್ರಿ 10ಕ್ಕೆ ಲೌಡ್‌ಸ್ಪೀಕರ್ ಬಂದ್. ಊರಿನ ಕಹಳೆ ಸ್ಪೀಕರ್ ಕೆಳಗಿನ ದನಿ ಕೊಡುವುದಿಲ್ಲ. ಅಲ್ಲಿ ಮಗ್ಗದ ಕಂಬದ ಡಿಸ್ಕಿನ ದನಿ ಇಳಿಸಿ, ಫಣಿಯದ್ದನ್ನು ಏರಿಸುತ್ತೇವೆ.

ಲಯಕ್ಕೆ ಮೆಟ್ರೊನೋಮ್ ಹಾಕುವುದಿಲ್ಲ. ನೇಕಾರರ ಕೈ ಸೀರೆಯ ಸೆರಗಿನಲ್ಲಿ ನಿಧಾನ, ಒಡಲಿನಲ್ಲಿ ಬಿರುಸು. ಅದನ್ನು ಕಂಪ್ಯೂಟರಿನಲ್ಲಿ ಸರಿಪಡಿಸಿದರೆ ಮಗ್ಗ ಯಂತ್ರವಾಗುತ್ತದೆ. ಲಾಳಿಯೊಳಗಿನ ನೂಲಿನ ಸುತ್ತು, ಅಂದರೆ ಕಂಡಿಕೆ, ಮುಗಿದಾಗ ಮಗ್ಗ ನಿಲ್ಲುತ್ತದೆ, ಹೊಸ ಕಂಡಿಕೆ ಲಾಳಿಗೆ ಕೂರುವವರೆಗೂ ಬರೀ ಮೌನ. ಆ ಖಾಲಿಯನ್ನು ನಾವು ಕತ್ತರಿಸುವುದಿಲ್ಲ, ಅಲ್ಲಿ ಚೌಡಿಕೆ ಒಂದೇ ನುಡಿಯುತ್ತದೆ.