ಸಿಹಿನೀರಿನ ಮೀನು: ಪೋಷಕಾಂಶ ಉಳಿಸಿಕೊಂಡು ಭಾರಲೋಹ ತಗ್ಗಿಸುವ ಬಗೆ

ಹೊಟ್ಟೆ ಸೀಳಿ ಕರುಳು ತೆಗೆದ ಮೀನನ್ನು ಬೆಳಕಿಗೆ ಹಿಡಿದು ನೋಡಿದರೆ, ಬೆನ್ನುಮೂಳೆಯ ಕೆಳಗೆ ಉದ್ದಕ್ಕೂ ಕಪ್ಪುಗೆಂಪು ಪಟ್ಟಿಯೊಂದು ತೆಳುವಾದ ಪೊರೆಯೊಳಗೆ ಅಂಟಿಕೊಂಡಿರುವುದು ಕಾಣುತ್ತದೆ. ಹೆಪ್ಪುಗಟ್ಟಿದ ರಕ್ತವೆಂದು ತಿಳಿದು ಅನೇಕರು ಅದನ್ನು ಹಾಗೆಯೇ ಬಿಡುತ್ತಾರೆ. ಅದು ಮೀನಿನ ಮೂತ್ರಪಿಂಡ. ನೀರಿನಿಂದಲೂ ಆಹಾರದಿಂದಲೂ ಮೀನಿನ ಮೈ ಸೇರಿದ ಕ್ಯಾಡ್ಮಿಯಂ ಹೆಚ್ಚಾಗಿ ಮನೆ ಮಾಡುವುದು ಅಲ್ಲಿ ಮತ್ತು ಯಕೃತ್ತಿನಲ್ಲಿ. ಸೀಸವಾದರೋ ಮೂಳೆ, ಕಿವಿರು, ಹುರುಪೆ ಮತ್ತು ಚರ್ಮದ ಕಡೆಗೆ ಹೋಗುತ್ತದೆ. ಪಾದರಸ ಮಾತ್ರ ಇವೆರಡರಂತಲ್ಲ. ಮೀಥೈಲ್ ಪಾದರಸದ ರೂಪದಲ್ಲಿ ಅದು ನಾವು ತಿನ್ನುವ ಮಾಂಸದ ಪ್ರೋಟೀನಿಗೇ ಅಂಟಿಕೊಳ್ಳುತ್ತದೆ. ಒಂದೊಂದು ಲೋಹಕ್ಕೆ ಒಂದೊಂದು ನೆಲೆ ಇರುವುದರಿಂದ ಅವುಗಳನ್ನು ತಗ್ಗಿಸುವ ಉಪಾಯವೂ ಒಂದೇ ಆಗಿರಲಾರದು: ಕೆಲವಕ್ಕೆ ಚಾಕು ಸಾಕು, ಪಾದರಸಕ್ಕೆ ಮೀನನ್ನು ಆರಿಸುವಾಗಲೇ ಎಚ್ಚರ ಬೇಕು.

ಲೋಹದ ಭಯದಿಂದ ಮೀನನ್ನೇ ಬಿಟ್ಟುಬಿಡುವುದು ತಪ್ಪು ಎಂಬುದನ್ನು ಮೊದಲೇ ಹೇಳಬೇಕು. ನೂರು ಗ್ರಾಂ ಮೀನಿನ ಮಾಂಸದಲ್ಲಿ ಸಾಮಾನ್ಯವಾಗಿ 16ರಿಂದ 20 ಗ್ರಾಂ ಉತ್ತಮ ಪ್ರೋಟೀನು, ಜೊತೆಗೆ ಸೆಲೆನಿಯಂ, ರಂಜಕ ಮತ್ತು ಸಸ್ಯಾಹಾರದಲ್ಲಿ ಸಿಗುವುದೇ ಕಷ್ಟವಾದ ವಿಟಮಿನ್ ಬಿ12 ಇರುತ್ತವೆ. ಗರ್ಭದಲ್ಲಿರುವ ಶಿಶುವಿನ ಮೆದುಳು ಮತ್ತು ಕಣ್ಣು ಬೆಳೆಯಲು ಬೇಕಾದ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿಗೂ ಮೀನೇ ಮುಖ್ಯ ಮೂಲ. ಸಿಹಿನೀರಿನ ಮೀನುಗಳಲ್ಲಿ ಇದರ ಪ್ರಮಾಣ ಜಾತಿಯಿಂದ ಜಾತಿಗೆ, ಮೇವಿನಿಂದ ಮೇವಿಗೆ ಬದಲಾಗುತ್ತದೆ, ಟ್ರೌಟ್‌ನಲ್ಲಿ ಹೆಚ್ಚು, ತಿಲಾಪಿಯಾದಲ್ಲಿ ಕಡಿಮೆ. ಇನ್ನೊಂದು ವಿಷಯಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂದು ನನಗನ್ನಿಸುತ್ತದೆ: ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಿರುವ ದೇಹವು ಸೀಸವನ್ನೂ ಕ್ಯಾಡ್ಮಿಯಂ ಅನ್ನೂ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಅಂದರೆ ಚೆನ್ನಾಗಿ ಉಂಡ ದೇಹಕ್ಕೆ ಆ ಊಟವೇ ಒಂದಿಷ್ಟು ಕಾವಲು.

ಮೊದಲ ಹೆಜ್ಜೆ, ಮೀನು ಬೆಳೆದ ನೀರನ್ನು ವಿಚಾರಿಸುವುದು. ಗಣಿ, ಲೋಹ ಕರಗಿಸುವ ಕುಲುಮೆ, ಬ್ಯಾಟರಿ ಒಡೆಯುವ ಜಾಗ, ಬಣ್ಣ ಅಥವಾ ಚರ್ಮ ಹದ ಮಾಡುವ ಕಾರ್ಖಾನೆ, ಸಂಸ್ಕರಿಸದ ನಗರದ ಕೊಳಚೆ ಸೇರುವ ನೀರಿನ ಮೀನನ್ನು ದಿನನಿತ್ಯದ ಆಹಾರ ಮಾಡಿಕೊಳ್ಳಬಾರದು. ಕಾರ್ಖಾನೆ ಮುಚ್ಚಿದರೂ ಕೆಸರು ಮರೆಯುವುದಿಲ್ಲ. ಕೆನಡಾದ ಒಂಟಾರಿಯೋದಲ್ಲಿ 1962ರಿಂದ 1970ರವರೆಗೆ ಡ್ರೈಡನ್ ಪಟ್ಟಣದ ಕಾರ್ಖಾನೆಯೊಂದರಿಂದ ಸುಮಾರು 9 ಟನ್ ಪಾದರಸ ನದಿಗೆ ಸೇರಿತು. ಕೆಳಹರಿವಿನಲ್ಲಿರುವ ಗ್ರಾಸಿ ನ್ಯಾರೋಸ್‌ನ ಮೂಲನಿವಾಸಿಗಳಿಗೆ ಮೀನೇ ಊಟವೂ ದುಡಿಮೆಯೂ ಆಗಿತ್ತು, ಅರ್ಧ ಶತಮಾನ ಕಳೆದ ಮೇಲೂ ಆ ನದಿಯ ಮೀನುಗಳಿಂದ ಪಾದರಸ ಹೋಗಿಲ್ಲ. ಹಾಗೆಂದು ತಿಳಿಯಾಗಿ ಕಾಣುವ ದೂರದ ಸರೋವರವೆಲ್ಲ ಸುರಕ್ಷಿತವೂ ಅಲ್ಲ. ಕಲ್ಲಿದ್ದಲು ಸುಟ್ಟಾಗ ಮೇಲೇರುವ ಪಾದರಸವು ಗಾಳಿಯಲ್ಲಿ ಬಹುದೂರ ಸಾಗಿ ಮಳೆಯೊಡನೆ ಇಳಿಯುತ್ತದೆ. ಹೊಸದಾಗಿ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮಣ್ಣು, ಗಿಡಮರ ಕೊಳೆಯುವಾಗ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿದ್ದ ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುವುದರಿಂದ, ಅಂಥ ಜಲಾಶಯಗಳ ಮೀನುಗಳಲ್ಲಿ ಒಂದೆರಡು ದಶಕಗಳವರೆಗೂ ಅದರ ಮಟ್ಟ ಏರಿರಬಹುದು. ಮೂಗನ್ನು ಈ ವಿಷಯದಲ್ಲಿ ನಂಬುವಂತಿಲ್ಲ. ಕೆಲವು ಮೀನುಗಳಿಗೆ ಬರುವ ಮಣ್ಣಿನ ವಾಸನೆ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್‌ನಿಂದ ಬರುವಂಥದ್ದು, ಲೋಹಕ್ಕೂ ಅದಕ್ಕೂ ಸಂಬಂಧವಿಲ್ಲ. ಮೀನಿನಲ್ಲಿ ಸೇರುವ ಲೋಹಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ.

ಎರಡನೆಯದು ಜಾತಿ ಮತ್ತು ಗಾತ್ರದ ಆಯ್ಕೆ. ಪಾಚಿಯನ್ನು ಸೂಕ್ಷ್ಮ ಜಲಚರಗಳು, ಅವುಗಳನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತ ಹೋದಂತೆ ಮೀಥೈಲ್ ಪಾದರಸ ಪ್ರತಿ ಮೆಟ್ಟಿಲಲ್ಲೂ ಸಾಂದ್ರವಾಗುತ್ತದೆ. ಸರಪಳಿಯ ತುದಿಯ ಮೀನಿನಲ್ಲಿ ಅದು ಸುತ್ತಲಿನ ನೀರಿನಲ್ಲಿರುವುದಕ್ಕಿಂತ ಹತ್ತು ಲಕ್ಷ ಪಟ್ಟು ಹೆಚ್ಚಿರಬಲ್ಲದು. ಆದ್ದರಿಂದಲೇ ನೀರಿನ ಪರೀಕ್ಷೆಯ ವರದಿ ಸರಿಯಿದ್ದ ಮಾತ್ರಕ್ಕೆ ಮೀನೂ ಸರಿಯಿದೆ ಎನ್ನಲಾಗದು. ಪೈಕ್, ಪರ್ಚ್, ದೊಡ್ಡ ಕ್ಯಾಟ್‌ಫಿಶ್‌ಗಳಂಥ ಬೇಟೆಗಾರ ಮೀನುಗಳಲ್ಲಿ ಪಾದರಸ ಹೆಚ್ಚು, ಪಾಚಿ ಮತ್ತು ಸಸ್ಯ ತಿನ್ನುವ ಮೀನುಗಳಲ್ಲಿ ಕಡಿಮೆ. ಒಂದೇ ಜಾತಿಯೊಳಗೂ ವಯಸ್ಸಾದ, ದೊಡ್ಡದಾದ ಮೀನಿನಲ್ಲಿ ಹೆಚ್ಚು. ಮೇವು ಕೊಟ್ಟು ಬೇಗ ಬೆಳೆಸಿ ಒಂದು ವರ್ಷದ ಆಸುಪಾಸಿನಲ್ಲೇ ಹಿಡಿಯುವ ಕೊಳದ ಮೀನಿಗೆ ಪಾದರಸ ಕೂಡಿಸಿಕೊಳ್ಳಲು ಕಾಲವೇ ಸಿಗುವುದಿಲ್ಲ, ಆದರೆ ಕೊಳಕ್ಕೆ ಕೊಳಚೆ ಹರಿದಿದ್ದರೆ ಸೀಸ, ಕ್ಯಾಡ್ಮಿಯಂಗಳ ಮಾತು ಬೇರೆ. ತಳದ ಕೆಸರು ಕೆದಕಿ ತಿನ್ನುವ ಮೀನುಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಮೂರನೆಯದು ಚಾಕುವಿನ ಕೆಲಸ. ಹುರುಪೆ ಪೂರ್ತಿ ಹೆರೆದು, ಕಿವಿರನ್ನು ಬುಡಸಮೇತ ಕತ್ತರಿಸಿ ತೆಗೆಯಿರಿ. ನೀರನ್ನು ಸದಾ ಸೋಸುವ ಅಂಗ ಅದು. ಕರುಳಿನ ಜೊತೆ ಯಕೃತ್ತನ್ನೂ ತೆಗೆಯಿರಿ. ಪಿತ್ತಕೋಶ ಒಡೆಯದಂತೆ ನೋಡಿಕೊಳ್ಳಿ, ಔಷಧವೆಂದು ಅದನ್ನು ನುಂಗುವವರಿದ್ದಾರೆ, ಗೆಂಡೆ ಜಾತಿಯ ಮೀನುಗಳ ಪಿತ್ತಕೋಶ ತಿಂದು ಮೂತ್ರಪಿಂಡ ಕೆಟ್ಟ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಬಳಿಕ ಬೆನ್ನುಮೂಳೆಯ ಕೆಳಗಿನ ಪೊರೆಯನ್ನು ಚಾಕುವಿನ ಮೊನೆಯಿಂದ ಉದ್ದಕ್ಕೆ ಸೀಳಿ, ಆ ಕಪ್ಪುಗೆಂಪು ಪಟ್ಟಿಯನ್ನು ಚಮಚದ ಅಂಚಿನಿಂದ ತಲೆಯ ಕಡೆಯಿಂದ ಬಾಲದ ಕಡೆಗೆ ಕೆರೆದು, ನೀರಿನಲ್ಲಿ ಮೂಳೆಯ ಬಿಳಿ ಕಾಣುವವರೆಗೆ ತೊಳೆಯಿರಿ. ನೀರಿನ ಬಗ್ಗೆ ಅನುಮಾನವಿದ್ದರೆ ಚರ್ಮವನ್ನೂ ಬಿಡಬಹುದು.

ಸಣ್ಣ ಮೀನಿನ ವಿಷಯದಲ್ಲಿ ಈ ಚಾಕುವೇ ನಷ್ಟ ತರುತ್ತದೆ ಎಂಬುದು ಇಡೀ ವಿಷಯದ ಕಠಿಣ ಗಂಟು. ಮೂಳೆಸಮೇತ ತಿಂದಾಗ ಮಾತ್ರ ಸಣ್ಣ ಮೀನಿನ ಕ್ಯಾಲ್ಸಿಯಂ ಸಿಗುತ್ತದೆ. ಬಾಂಗ್ಲಾದೇಶದ ಮೋಲಾ ಎಂಬ ಕಿರುಮೀನಿನ ವಿಟಮಿನ್ ಎ ಬಹುಪಾಲು ಇರುವುದು ಅದರ ಕಣ್ಣು ಮತ್ತು ಒಳಾಂಗಗಳಲ್ಲಿ. ಇಂಥ ಮೀನುಗಳನ್ನು ತಾಯಂದಿರ, ಮಕ್ಕಳ ಊಟಕ್ಕೆ ತಂದ ಕೆಲಸಕ್ಕಾಗಿ ಶಕುಂತಲಾ ಥಿಲ್‌ಸ್ಟೆಡ್ ಅವರಿಗೆ 2021ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂದಿತು. ಪೋಷಕಾಂಶ ಕೂಡಿಟ್ಟ ಅದೇ ಮೂಳೆ, ಅದೇ ಒಳಾಂಗ ಸೀಸಕ್ಕೂ ಕ್ಯಾಡ್ಮಿಯಂಗೂ ಉಗ್ರಾಣ. ಹಾಗಾಗಿ ನನ್ನ ಸಲಹೆ ಇಷ್ಟು: ಶುದ್ಧವೆಂದು ಖಚಿತವಿರುವ ನೀರಿನ ಸಣ್ಣ ಮೀನನ್ನು ಇಡಿಯಾಗಿ ತಿನ್ನಿ, ಅನುಮಾನವಿರುವ ನೀರಿನದನ್ನು ತಲೆ, ಹೊಟ್ಟೆ ತೆಗೆದು ತಿನ್ನುವ ಬದಲು ಕೊಳ್ಳದೇ ಇರಿ.

ಅಡುಗೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬೇಯಿಸಿದರೂ ಕರಿದರೂ ಪಾದರಸ ಹೋಗುವುದಿಲ್ಲ. ನೀರಿನಂಶ ಆರುವುದರಿಂದ ಗ್ರಾಂ ಲೆಕ್ಕದಲ್ಲಿ ಅದು ತುಸು ಏರಿದಂತೆಯೇ ಕಾಣುತ್ತದೆ. ಹುಳಿ ಹಾಕಿದ ಅಡುಗೆಯನ್ನು ಸೀಸದ ಮೆರುಗು ಹಚ್ಚಿದ ಮಣ್ಣಿನ ಪಾತ್ರೆಯಲ್ಲಿ ಇಡಬೇಡಿ, ಹುಳಿಗೆ ಆ ಸೀಸ ಕರಗಿ ಬರುತ್ತದೆ.

ಕೊನೆಯ ಹೆಜ್ಜೆ ವಾರದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜಂಟಿ ತಜ್ಞ ಸಮಿತಿಯು 2003ರಲ್ಲಿ ಮೀಥೈಲ್ ಪಾದರಸಕ್ಕೆ ದೇಹತೂಕದ ಪ್ರತಿ ಕಿಲೋಗೆ ವಾರಕ್ಕೆ 1.6 ಮೈಕ್ರೋಗ್ರಾಂ ಎಂಬ ಮಿತಿ ಹಾಕಿತು. 60 ಕಿಲೋ ತೂಗುವವರಿಗೆ ಅದು 96 ಮೈಕ್ರೋಗ್ರಾಂ ಆಗುತ್ತದೆ. ಮೀನಿನಲ್ಲಿ ಕಿಲೋಗೆ 0.1 ಮಿಲಿಗ್ರಾಂ ಪಾದರಸವಿದ್ದರೆ ವಾರಕ್ಕೆ 960 ಗ್ರಾಂ ತಿನ್ನಬಹುದು, 0.5 ಮಿಲಿಗ್ರಾಂ ಇದ್ದರೆ 192 ಗ್ರಾಂ ಮಾತ್ರ. ಇದೇ ಎರಡನೆಯ ಮೀನಿನಿಂದ 15 ಕಿಲೋ ತೂಕದ ಮಗುವಿಗೆ ಸಲ್ಲುವುದು 48 ಗ್ರಾಂ, ಅಂದರೆ ಚಿಕ್ಕದೊಂದು ತುಂಡು. ಪ್ರಯೋಗಾಲಯದ ವರದಿ ಓದುವಾಗ ಅಂಕಿ ಹಸಿ ತೂಕದ್ದೋ ಒಣ ತೂಕದ್ದೋ ಎಂದು ಮೊದಲು ನೋಡಿಕೊಳ್ಳಿ. ಮೀನಿನ ಮುಕ್ಕಾಲು ಪಾಲಿಗೂ ಮೇಲೆ ನೀರೇ ಆದ್ದರಿಂದ ಒಣ ತೂಕದ ಅಂಕಿ ನಾಲ್ಕೈದು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮೇಲಿನ ಲೆಕ್ಕಕ್ಕೆ ಬೇಕಾದದ್ದು ಹಸಿ ತೂಕದ್ದು. ಸೀಸಕ್ಕೆ ಇಂಥ ಲೆಕ್ಕವೇ ಇಲ್ಲ. ಯಾವ ಮಟ್ಟವನ್ನೂ ನಿರಪಾಯವೆಂದು ಹೇಳಲಾಗದೆ ಅದೇ ಸಮಿತಿ 2010ರಲ್ಲಿ ತನ್ನ ಹಳೆಯ ಮಿತಿಯನ್ನು ಹಿಂತೆಗೆದುಕೊಂಡಿತು.

ಈ ಲೆಕ್ಕ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಎಳೆಯ ಮಕ್ಕಳಿಗೆ. ಮೀಥೈಲ್ ಪಾದರಸ ಹೊಕ್ಕುಳಬಳ್ಳಿಯ ಮೂಲಕ ಶಿಶುವಿನ ಮೆದುಳನ್ನು ಸೇರುತ್ತದೆ, ಡಿಎಚ್‌ಎ ಬರುವುದೂ ಅದೇ ಹಾದಿಯಲ್ಲಿ. ಆದ್ದರಿಂದ ಇವರು ಮೀನು ಬಿಡದೆ, ಕಡಿಮೆ ಪಾದರಸದ ಮೀನನ್ನು ವಾರಕ್ಕೆ ಎರಡು ಮೂರು ಸಲ ತಿನ್ನುವುದು ಒಳ್ಳೆಯದು. ಸಾಕಷ್ಟು ಪಾದರಸ ಈಗಾಗಲೇ ಮೈಸೇರಿದ್ದರೆ ಅದರ ಅರ್ಧದಷ್ಟು ಹೊರಹೋಗಲು 50ರಿಂದ 70 ದಿನ ಹಿಡಿಯುವುದರಿಂದ, ಮಗು ಬೇಕೆಂದು ಬಯಸುವ ಹೆಣ್ಣುಮಕ್ಕಳು ದೊಡ್ಡ ಬೇಟೆಗಾರ ಮೀನುಗಳನ್ನು ಗರ್ಭ ನಿಂತ ಮೇಲಲ್ಲ, ಆರು ತಿಂಗಳು ಮೊದಲೇ ನಿಲ್ಲಿಸಬೇಕು.